ಬ್ಯಾಸಗಿ ಸೂಟಿ ಮತ್ತು ಪರೀಕ್ಷೆಯ ತಾರೀಖು



ದತ್ತಿ ಉಪನ್ಯಾಸವೆಂದರೆ ವಚನ ಸಾಹಿತ್ಯವನ್ನೋ ಆದಿಲಶಾಹಿ ಕಾಲದ ಕಟ್ಟಡಗಳನ್ನೋ ಕುರಿತು ಮಾತಾಡುವುದು ವಿಜಯಪುರದ ವಾಡಿಕೆ. ನಾನು ಆರಿಸಿಕೊಂಡದ್ದು ತಾರೀಖಿನ ವಿಷಯ. ಮೂರು ದಶಕ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. ಆ ಅಷ್ಟೂ ವರ್ಷ ಫೆಬ್ರುವರಿ ತಿಂಗಳು ಬಂತೆಂದರೆ ಪಾಲಕರು ಕೇಳುತ್ತಿದ್ದ ಪ್ರಶ್ನೆ ಒಂದೇ ಆಗಿರುತ್ತಿತ್ತು. ಮಗ ಎಷ್ಟು ಅಂಕ ತಗೊಂಡಾನು ಎಂದು ಅವರು ಕೇಳುತ್ತಿರಲಿಲ್ಲ. "ಸರ್ರ, ಪೇಪರ್ ಯಾವತ್ತ ಮುಗಿತಾವ್ರಿ?" ಎಂದು ಕೇಳುತ್ತಿದ್ದರು. ಓದಿನ ಬಗ್ಗೆ ಕಾಳಜಿಯಿಲ್ಲದ ಜನ ಇವರು ಎಂದು ಮೊದಮೊದಲು ನನಗೆ ಅನ್ನಿಸಿತ್ತು. ಹಾಗೆ ತಿಳಿದದ್ದು ನನ್ನ ತಪ್ಪು. ಆ ಪ್ರಶ್ನೆಯ ಹಿಂದೆ ಒಂದು ಮನೆಯ ಇಡೀ ಬೇಸಿಗೆಯ ಲೆಕ್ಕ ಇರುತ್ತದೆ ಎಂಬುದು ನನಗೆ ತಿಳಿಯಲು ಹತ್ತು ವರ್ಷವೇ ಬೇಕಾಯಿತು.

ಇವತ್ತು ನಾನು ಹೇಳಬೇಕೆಂದಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಭಾಗದ ಮನೆಗಳಲ್ಲಿ ಸೂಟಿ ಅಂದರೆ ನಿಜವಾಗಿ ಏನು ಎಂಬುದನ್ನು ಮೊದಲು ನೋಡೋಣ. ಆಮೇಲೆ, ಕಳೆದ ಕೆಲವು ವರ್ಷಗಳಲ್ಲಿ ಪರೀಕ್ಷೆಗಳು ಆ ಸೂಟಿಯೊಳಕ್ಕೆ ಹೇಗೆ ಕಾಲಿಟ್ಟವು ಎಂಬುದನ್ನು ನೋಡೋಣ. ಗಡಿಯಾಚೆಯ ಜತ್ತ ತಾಲ್ಲೂಕಿನ ಕಡೆಗೂ ಒಂದು ಕಣ್ಣು ಹಾಯಿಸಿ, ಕೊನೆಯಲ್ಲಿ ತಾರೀಖು ಗೊತ್ತುಮಾಡುವ ಅಧಿಕಾರ ಯಾರದು ಎಂಬ ಪ್ರಶ್ನೆಗೆ ಬರುತ್ತೇನೆ. ಪರೀಕ್ಷೆ ಬೇಕೋ ಬೇಡವೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ.

ಈಗ ಮೊದಲನೆಯ ವಿಷಯ. ಕರ್ನಾಟಕದ ಶಾಲಾ ಪಂಚಾಂಗದಲ್ಲಿ ಏಪ್ರಿಲ್ 10 ದೊಡ್ಡ ದಿನ. ರಿಸಲ್ಟ್ ಹೇಳುವ ದಿನ ಅದು. ಮರುದಿನದಿಂದ, ಅಂದರೆ ಏಪ್ರಿಲ್ 11ರಿಂದ ಮೇ 28ರವರೆಗೆ, ಒಟ್ಟು 48 ದಿನ ಬೇಸಿಗೆ ರಜೆ. ಮೇ 29ಕ್ಕೆ ಮತ್ತೆ ಶಾಲೆ. ಈ 48 ದಿನ ಎಂದೊಡನೆ ಬೆಂಗಳೂರಿನ ಮನೆಯವರಿಗೆ ಊಟಿಯೋ ಗೋವಾವೋ ಕಣ್ಣಮುಂದೆ ಬರಬಹುದು. ನಮ್ಮ ವಿಜಯಪುರ ಜಿಲ್ಲೆಯ ತಿಕೋಟಾದ ಮನೆಗೆ ಕಾಣುವುದು ದ್ರಾಕ್ಷಿಯ ಪಡ.

ದ್ರಾಕ್ಷಿಯ ವರ್ಷವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಪರೀಕ್ಷೆಯ ವರ್ಷಕ್ಕೂ ಇದಕ್ಕೂ ಮುಖಾಮುಖಿ ಡಿಕ್ಕಿ ಆಗುತ್ತದೆ. ಅಕ್ಟೋಬರ್ ಹೊತ್ತಿಗೆ ಹಣ್ಣಿನ ಚಾಟ್ನಿ, ಅಂದರೆ ಹಣ್ಣಿಗಾಗಿ ಬಳ್ಳಿ ಕತ್ತರಿಸುವ ಕೆಲಸ, ಆಗುತ್ತದೆ. ಗೊನೆ ಪಕ್ವವಾಗಿ ಕೈಗೆ ಬರುವುದು ಫೆಬ್ರುವರಿ, ಮಾರ್ಚ್‌ನಲ್ಲಿ. ಹಸಿ ಹಣ್ಣಾಗಿ ಮಾರದೆ ಒಣಗಿಸಿ ಮಣೂಕ ಮಾಡುವ ರೈತರು ಗೊನೆಯನ್ನು ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನೊಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಯ ಮೇಲೆ ಹರವುತ್ತಾರೆ. ಎರಡು ವಾರದ ಆಸುಪಾಸಿನಲ್ಲಿ ಒಣಗುತ್ತದೆ. ಸುಮಾರು 4 ಕಿಲೊ ಹಸಿ ದ್ರಾಕ್ಷಿ ಒಣಗಿದರೆ 1 ಕಿಲೊ ಮಣೂಕ. ಆಮೇಲೆ ಕಡ್ಡಿ ಬಿಡಿಸಬೇಕು, ಬಣ್ಣ ನೋಡಿ ಆರಿಸಬೇಕು, ಪೆಟ್ಟಿಗೆಗೆ ತುಂಬಿ ವಿಜಯಪುರದ ಎಪಿಎಂಸಿಗೋ ತಾಸಗಾಂವಕ್ಕೋ ಕಳಿಸಬೇಕು. ಈ ಎರಡು ವಾರದಲ್ಲಿ ಆಕಾಶದಲ್ಲಿ ಒಂದು ಮೋಡ ಕಂಡರೂ ಮನೆಯಲ್ಲಿ ಯಾರೂ ಮಲಗುವುದಿಲ್ಲ. ಮಾರ್ಚ್ ಕೊನೆಯ ಅಕಾಲಿಕ ಮಳೆಗೆ ಮಣೂಕ ಕಪ್ಪಾಗಿ ವರ್ಷದ ಗಳಿಕೆ ಅರ್ಧಕ್ಕೆ ಇಳಿದದ್ದನ್ನು ಕಂಡವರು ಈ ಸಭೆಯಲ್ಲೇ ಇದ್ದೀರಿ. ಹಣ್ಣು ಇಳಿದ ಕೂಡಲೆ ಏಪ್ರಿಲ್ ಚಾಟ್ನಿ. ಬಳ್ಳಿಯನ್ನು ಮೊಂಡು ಕತ್ತರಿಸಿ ಮತ್ತೆ ಚಿಗುರಿಸಬೇಕು. ಅಂತರ್ಜಲ ಪಾತಾಳಕ್ಕೆ ಇಳಿದಿರುವ ಕಾಲದಲ್ಲಿ ಬಳ್ಳಿಗೆ ನೀರು ಬೇಕೇಬೇಕು. ಟ್ಯಾಂಕರ್‌ನಲ್ಲಿ ನೀರು ತಂದು ಬಳ್ಳಿ ಉಳಿಸಿಕೊಂಡ ಬೇಸಿಗೆಗಳು ತಿಕೋಟಾದ ರೈತರಿಗೆ ಎಷ್ಟು ಬೇಕಾದರೂ ನೆನಪಿವೆ.

ಈಗ ಇದರ ಪಕ್ಕದಲ್ಲಿ ಎಸ್‌ಎಸ್‌ಎಲ್‌ಸಿಯ ತಾರೀಖುಗಳನ್ನು ಇಟ್ಟು ನೋಡಿ. 2024ರಲ್ಲಿ ಮಾರ್ಚ್ 25ರಿಂದ ಏಪ್ರಿಲ್ 6. 2025ರಲ್ಲಿ ಮಾರ್ಚ್ 21ರಿಂದ ಏಪ್ರಿಲ್ 4. ಮಣೂಕದ ಶೆಡ್ಡು ತುಂಬಿರುವ ವಾರಗಳೂ ಇವೇ. ಒಮ್ಮೆ ಒಬ್ಬ ತಂದೆ ನನ್ನ ಮುಂದೆ ಬಂದು ನಿಂತು ಹೇಳಿದ ಮಾತು ನನಗೆ ಇಂದಿಗೂ ಮರೆತಿಲ್ಲ: "ಸರ್ರ, ಹುಡುಗಿ ಒಬ್ಬಾಕಿನ ಮನ್ಯಾಗ ಅದಾಳ್ರಿ. ಆಕಿ ಅವ್ವ ಶೆಡ್ಡಿನಾಗ, ನಾ ಟ್ಯಾಂಕರ್ ಹಿಂದ. ಆಕಿಗಿ ಬೆಳಿಗ್ಗಿ ಬುತ್ತಿ ಕಟ್ಟಿ ಪರೀಕ್ಷಾಕ ಕಳಸಾಕ ಯಾರೂ ಇಲ್ರಿ." ಆ ಹುಡುಗಿ ಓದಿನಲ್ಲಿ ಹಿಂದೆ ಬಿದ್ದವಳಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ತಾನೂ ಶೆಡ್ಡಿಗೆ ಹೋಗಿ ಕಡ್ಡಿ ಬಿಡಿಸಿ ಬಂದಿದ್ದಳು.

ಇನ್ನೊಂದು ಬಗೆಯ ಮನೆ ಇದೆ. ದೀಪಾವಳಿ ಕಳೆದ ಮೇಲೆ ನಮ್ಮ ತಾಂಡಾಗಳಿಂದ, ಮಳೆ ಆಶ್ರಯದ ಊರುಗಳಿಂದ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತವೆ. ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಹೋಗುವವರೂ ಇದ್ದಾರೆ. ಸಕ್ಕರೆ ಕಾರ್ಖಾನೆಗಳ ಹಂಗಾಮು ಮುಗಿದು ಅವರು ಮರಳುವುದು ಉಗಾದಿಯ ಹೊತ್ತಿಗೆ. ಆದರೆ ಉಗಾದಿಯ ತಾರೀಖು ನಿಂತಲ್ಲಿ ನಿಲ್ಲುವುದಿಲ್ಲ. 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ. ಏಪ್ರಿಲ್ 9ಕ್ಕೆ ಉಗಾದಿ ಬಂದ ವರ್ಷ ಆ ಮನೆಯ ಮಗು ಊರು ಮುಟ್ಟುವಷ್ಟರಲ್ಲಿ ವಾರ್ಷಿಕ ಪರೀಕ್ಷೆ ಮುಗಿದು ರಿಸಲ್ಟಿಗೆ ಒಂದು ದಿನ ಉಳಿದಿರುತ್ತದೆ. ಹಾಜರಿ ಪುಸ್ತಕದಲ್ಲಿ ಅದರ ಹೆಸರಿನ ಮುಂದೆ ಐದು ತಿಂಗಳ ಗೈರು. ಉಳಿದ ಮಕ್ಕಳ ಸೂಟಿ ಶುರುವಾಗುವ ದಿನ ಈ ಮಗು ಶಾಲೆಗೆ ಬರಲು ಸಿದ್ಧವಾಗಿರುತ್ತದೆ. ಆಗ ಶಾಲೆಗೆ ಬೀಗ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮುಳವಾಡ ಮತ್ತು ತುಬಚಿ-ಬಬಲೇಶ್ವರ ಏತ ನೀರಾವರಿಗಳಿಂದ ಕಾಲುವೆಗೆ ನೀರು ಬಂದ ಕಡೆ ಊರಲ್ಲೇ ಕೆಲಸ ಹುಟ್ಟಿ ಈ ಓಡಾಟ ತಗ್ಗಲಿ ಎಂಬುದು ನನ್ನ ಹಾರೈಕೆ. ಆದರೆ ಹಾರೈಕೆಯ ಮೇಲೆ ವೇಳಾಪಟ್ಟಿ ಕಟ್ಟಲಾಗದು.

ಇನ್ನು ಕೆಲವು ಮನೆಗಳಿಗೆ ಸೂಟಿ ಎಂದರೆ ಮಧ್ಯಾಹ್ನದ ಊಟ ತಪ್ಪುವ ಕಾಲ. 2023ರ ಮಳೆಗಾಲ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಿದಾಗ, 2024ರ ಬೇಸಿಗೆ ರಜೆಯಲ್ಲೂ ಶಾಲೆಯಲ್ಲಿ ಬಿಸಿಯೂಟ ಬಡಿಸಲು ಸರಕಾರ ಆದೇಶಿಸಿತು. ಆ ನಿರ್ಧಾರ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಪಂಚಾಂಗದಲ್ಲಿ ರಜೆ ಎಂದು ಬರೆದಿದ್ದರೂ ಊರಿನ ಸ್ಥಿತಿ ನೋಡಿ ಅದನ್ನು ಬೇರೆ ರೀತಿ ನಡೆಸಬಹುದು ಎಂದು ಸರಕಾರವೇ ಒಪ್ಪಿಕೊಂಡಂತಾಯಿತು. ಮದುವೆ, ಜಾತ್ರೆ, ತವರಿಗೆ ಹೋಗುವುದು, ಬಸವ ಜಯಂತಿ, ಇವೆಲ್ಲ ಈ ಸೂಟಿಯಲ್ಲೇ ಬರುತ್ತವೆ ಎಂಬುದನ್ನು ನಿಮಗೆ ನಾನು ವಿವರಿಸಬೇಕಿಲ್ಲ. ವಿಜಯಪುರ ನಗರದ ಮುಸ್ಲಿಂ ಮನೆಗಳ ಮಾತು ಮಾತ್ರ ಹೇಳಲೇಬೇಕು. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ಅದು ಮಾರ್ಚ್ ತಿಂಗಳನ್ನು ತುಂಬಿತ್ತು, ಮಾರ್ಚ್ 31ಕ್ಕೆ ಹಬ್ಬ. ರೋಜಾ ಹಿಡಿದು ನೀರು ಸಹ ಕುಡಿಯದೆ ಹತ್ತನೆಯ ತರಗತಿಯ ಪೇಪರ್ ಬರೆದ ಮಕ್ಕಳು ಈ ನಗರದಲ್ಲಿ ಇದ್ದಾರೆ. ಹಿಂದಿನ ದಿನವೇ ಉಗಾದಿ. ಎರಡು ಹಬ್ಬಗಳು ಪರೀಕ್ಷೆಯ ನಡುವೆ ಸಿಕ್ಕಿಹಾಕಿಕೊಂಡವು.

ಬಿಸಿಲಿನ ಬಗ್ಗೆ ಒಂದೇ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಮತ್ತು ಬೆಳಗಾವಿ ವಿಭಾಗದ ವಿಜಯಪುರ, ಬಾಗಲಕೋಟೆಗಳಲ್ಲಿ ಸರಕಾರಿ ಕಚೇರಿಯ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದು ವಾಡಿಕೆ. 40 ಡಿಗ್ರಿ ದಾಟುವ ಬಿಸಿಲಿಗೆ ಇದು ತಕ್ಕ ಏರ್ಪಾಡು, ನಾನು ಮೆಚ್ಚುತ್ತೇನೆ. ಆದರೆ 2023ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮಾರ್ಚ್ 31ರಿಂದ ಏಪ್ರಿಲ್ 15ರವರೆಗೆ ನಡೆದಾಗ ಬೆಂಗಳೂರಿಗೂ ವಿಜಯಪುರಕ್ಕೂ ಒಂದೇ ವೇಳೆ ಇತ್ತು, ಬೆಳಿಗ್ಗೆ 10.30. ಮಕ್ಕಳು ಹೊರಬಂದದ್ದು ಪೌನೆ ಎರಡಕ್ಕೆ, ನೆತ್ತಿಯ ಮೇಲಿನ ಬಿಸಿಲಿಗೆ. ಗುಮಾಸ್ತನಿಗೆ ಸಿಕ್ಕ ರಿಯಾಯಿತಿ ಹದಿನೈದು ವರ್ಷದ ಮಗುವಿಗೆ ಸಿಗಲಿಲ್ಲ.

ಎರಡನೆಯ ವಿಷಯಕ್ಕೆ ಬರೋಣ. ಪರೀಕ್ಷೆ ಸೂಟಿಯೊಳಕ್ಕೆ ಬಂದದ್ದು ಹೇಗೆ?

ಕೊರೊನಾ ವರ್ಷಗಳನ್ನು ಬದಿಗಿಡುತ್ತೇನೆ. 2020ರಲ್ಲಿ ಜೂನ್ ಕೊನೆಯಲ್ಲೂ 2021ರಲ್ಲಿ ಜುಲೈ 19 ಮತ್ತು 22ರಂದೂ ಪರೀಕ್ಷೆ ನಡೆಸಬೇಕಾದ ಕಾಲ ಅದು. ಅದರ ಬೆನ್ನಿಗೆ, ಕಳೆದುಹೋದ ಕಲಿಕೆಯನ್ನು ತುಂಬಿಕೊಡಲು 2022ರಲ್ಲಿ ಶಾಲೆಗಳನ್ನು ಎರಡು ವಾರ ಮುಂಚೆ, ಮೇ 16ಕ್ಕೆ ತೆರೆದರು. ಉದ್ದೇಶ ಸರಿಯಾಗಿತ್ತು. ಮೇ ತಿಂಗಳ ನಡುವಿನ ವಿಜಯಪುರದ ತಗಡಿನ ಮಾಡಿನ ಕೋಣೆಯನ್ನು ಆ ಉದ್ದೇಶ ನೆನೆದಿರಲಿಲ್ಲ.

ದೊಡ್ಡ ಬದಲಾವಣೆ ಆದದ್ದು 2023-24ನೆಯ ಸಾಲಿನಲ್ಲಿ. ಪೂರಕ ಪರೀಕ್ಷೆ ಎಂಬ ಹೆಸರು ಹೋಗಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಬಂದವು. ಮೂರರಲ್ಲಿ ಯಾವುದರಲ್ಲಿ ಹೆಚ್ಚು ಅಂಕ ಬಂತೋ ಅದನ್ನು ಉಳಿಸಿಕೊಳ್ಳಬಹುದು ಎಂದಾಯಿತು. ಇದನ್ನು ನಾನು ಮನಸಾರೆ ಸ್ವಾಗತಿಸಿದವನು. 'ಫೇಲ್' ಎಂಬ ಹಣೆಪಟ್ಟಿ ಹೊತ್ತು ಬಾವಿ ನೋಡಿದ ಮಕ್ಕಳ ಮನೆಗೆ ಹೋಗಿ ಕೂತು ಬಂದವನು ನಾನು. ಮತ್ತೊಂದು ಅವಕಾಶ ಎಂದರೆ ಏನು ಎಂಬುದು ನನಗೆ ಗೊತ್ತಿದೆ. ನನ್ನ ತಕರಾರು ಮತ್ತೊಂದು ಅವಕಾಶದ ತಾರೀಖಿನ ಮೇಲೆ ಮಾತ್ರ.

2024ರ ಮೇ ತಿಂಗಳಲ್ಲಿ ನಡೆದದ್ದನ್ನು ನೆನೆಯಿರಿ. ಪರೀಕ್ಷೆ-2ನ್ನು ಜೂನ್ 7ರಿಂದ ನಡೆಸುವುದೆಂದೂ, ಅನುತ್ತೀರ್ಣರಾದವರಿಗೆ ಮೇ 15ರಿಂದಲೇ ವಿಶೇಷ ತರಗತಿ ನಡೆಸುವುದೆಂದೂ ಇಲಾಖೆ ಹೇಳಿತು. ನಮ್ಮ ರಜೆ ಹೋಯಿತು ಎಂದು ಶಿಕ್ಷಕರು ವಿರೋಧಿಸಿದರು. ಆಗ ತರಗತಿಗಳನ್ನು ಶಾಲೆ ತೆರೆಯುವ ಮೇ 29ಕ್ಕೆ ತಳ್ಳಿ, ಪರೀಕ್ಷೆಯನ್ನು ಜೂನ್ 14ರಿಂದ 22ಕ್ಕೆ ಹಾಕಿದರು. ಶಿಕ್ಷಕರ ಪರವಾಗಿ ನಾನು ಗಟ್ಟಿಯಾಗಿಯೇ ಮಾತಾಡುತ್ತೇನೆ. ಬೇಸಿಗೆ ರಜೆ ಇದೆ ಎಂಬ ಕಾರಣಕ್ಕೇ ಅವರಿಗೆ ಗಳಿಕೆ ರಜೆ ಬೇರೆ ನೌಕರರಿಗಿಂತ ಕಡಿಮೆ. ಆ ವರ್ಷ ಮೇ 7ಕ್ಕೆ ನಮ್ಮಲ್ಲಿ ಲೋಕಸಭೆಯ ಮತದಾನ ಇದ್ದುದರಿಂದ ಚುನಾವಣೆಯ ಕೆಲಸ ಮುಗಿಸಿ ಉಸಿರು ಬಿಡುವಷ್ಟರಲ್ಲಿ ಈ ಆದೇಶ ಬಂತು. ಆದರೂ ಆ ದಿನಗಳ ವಾದವಿವಾದದಲ್ಲಿ ಒಂದು ದನಿ ಕೇಳಲಿಲ್ಲ. ಮೇ 15ಕ್ಕೆ ಆ ಮಗು ಎಲ್ಲಿದೆ? ಊರಲ್ಲಿದೆಯೋ, ಅಕ್ಕನ ಮದುವೆಯ ಮನೆಯಲ್ಲಿದೆಯೋ, ಅಪ್ಪನ ಜೊತೆ ಸಾಂಗಲಿಯಲ್ಲಿ ಇಟ್ಟಿಗೆ ಹೊರುತ್ತಿದೆಯೋ? ತರಗತಿ ನಡೆಸುವವರ ಸೂಟಿಯ ಬಗ್ಗೆ ಮಾತಾಯಿತು, ಕೂರಬೇಕಾದವರ ಬೇಸಿಗೆಯ ಬಗ್ಗೆ ಆಗಲಿಲ್ಲ.

ಮರುವರ್ಷ ತಾರೀಖು ಮತ್ತೆ ಹಿಂದಕ್ಕೆ ಬಂತು. 2025ರಲ್ಲಿ ರಿಸಲ್ಟ್ ಮೇ 2ಕ್ಕೆ, ಪರೀಕ್ಷೆ-2 ಮೇ 26ರಿಂದ ಜೂನ್ 2ರವರೆಗೆ. ತಯಾರಿಗೆ ಸಿಕ್ಕ ಮೂರೂವರೆ ವಾರ ಪೂರ್ತಿ ಸೂಟಿಯೊಳಗೇ ಇತ್ತು. 2026ರ ವೇಳಾಪಟ್ಟಿಯಲ್ಲಿ ಪರೀಕ್ಷೆ-2 ಮೇ 18ರಿಂದ 25. ಈಗ ತಯಾರಿ ಮಾತ್ರವಲ್ಲ, ಪರೀಕ್ಷೆಯೂ ಪೂರ್ತಿಯಾಗಿ ರಜೆಯಲ್ಲೇ ಬಿತ್ತು. ಬೇಗ ಮುಗಿದರೆ ಪಿಯು ಪ್ರವೇಶ ತಪ್ಪುವುದಿಲ್ಲ ಎಂಬ ಕಾರಣ ಗಟ್ಟಿಯಾದದ್ದು, ಅದನ್ನು ನಾನು ಒಪ್ಪುತ್ತೇನೆ. ಹಾಗಾದರೆ ಮೊದಲ ಪರೀಕ್ಷೆ ಕೈತಪ್ಪಿದ ಮಗುವಿಗೆ ಏಪ್ರಿಲ್‌ನಿಂದ ಮೇ ತನಕ ಕಲಿಸುವವರು ಯಾರು, ಎಲ್ಲಿ, ಹಳ್ಳಿಯ ಬಸ್ಸು ಎಷ್ಟು ಗಂಟೆಗೆ ಎಂಬುದನ್ನೂ ಅದೇ ಆದೇಶದಲ್ಲಿ ಬರೆಯಬೇಕು. ಪಿಯು ಓದುವ ಮಗು ಇರುವ ಮನೆಗಂತೂ ಈಗ ಬೇಸಿಗೆ ಎಂಬುದೇ ಉಳಿದಿಲ್ಲ. 2025ರಲ್ಲಿ ಮಾರ್ಚ್‌ನಲ್ಲಿ ಪರೀಕ್ಷೆ-1, ಏಪ್ರಿಲ್ 16, 17ಕ್ಕೆ ಸಿಇಟಿ, ಏಪ್ರಿಲ್ 24ರಿಂದ ಮೇ 8ರವರೆಗೆ ಪರೀಕ್ಷೆ-2, ಅದರ ನಡುವೆಯೇ ಮೇ 4ಕ್ಕೆ ನೀಟ್. ಸಿಬಿಎಸ್‌ಇ ಕೂಡ 2026ರಿಂದ ಹತ್ತನೆಯ ತರಗತಿಗೆ ಎರಡನೆಯ ಪರೀಕ್ಷೆಯನ್ನು ಮೇ ತಿಂಗಳಲ್ಲಿ ಇಟ್ಟಿದೆ.

ತಾರೀಖು ಯಾವುದು ಎಂಬುದಕ್ಕಿಂತ ಹೆಚ್ಚು ನೋವು ಕೊಡುವುದು ತಾರೀಖು ಅಲುಗಾಡುವುದು. 2024ರ ಮಾರ್ಚ್‌ನಲ್ಲಿ 5, 8 ಮತ್ತು 9ನೆಯ ತರಗತಿಯ ಮಕ್ಕಳು ಬೋರ್ಡ್ ಪರೀಕ್ಷೆಗೆ ಕೂತರು. ಮಾರ್ಚ್ 11, 12ಕ್ಕೆ ಎರಡು ಪೇಪರ್ ಆದ ಮೇಲೆ ಸುಪ್ರೀಂ ಕೋರ್ಟಿನಿಂದ ತಡೆ ಬಂತು. ಹೈಕೋರ್ಟ್ ಮಾರ್ಚ್ 22ಕ್ಕೆ ಅನುಮತಿ ಕೊಟ್ಟಿತು, ಉಳಿದ ಪೇಪರುಗಳು ಮಾರ್ಚ್ 25ರಿಂದ ನಡೆದವು. ಫಲಿತಾಂಶ ಹೊರಡಿಸುವ ಹೊತ್ತಿಗೆ ಏಪ್ರಿಲ್ 8ರಂದು ಮತ್ತೆ ತಡೆ. ಕಾನೂನಿನ ಸರಿತಪ್ಪುಗಳನ್ನು ತೂಗುವುದು ನನ್ನ ಕೆಲಸವಲ್ಲ. ಹತ್ತು ವರ್ಷದ ಒಂದು ಮಗು ಅರ್ಧ ಪರೀಕ್ಷೆ ಬರೆದು, ಉಳಿದರ್ಧ ಇದೆಯೋ ಇಲ್ಲವೋ ತಿಳಿಯದೆ ಸುಮಾರು ಎರಡು ವಾರ ಪಾಟಿಚೀಲ ಹಿಡಿದು ಕೂತಿತ್ತು ಎಂಬುದನ್ನಷ್ಟೇ ಹೇಳುತ್ತೇನೆ. ಈ ವಿಷಯದಲ್ಲಿ ಒಂದು ಒಳ್ಳೆಯ ಬೆಳವಣಿಗೆಯೂ ಇದೆ. 2026ರ ಎಸ್‌ಎಸ್‌ಎಲ್‌ಸಿ ಮತ್ತು ಪಿಯು ತಾರೀಖುಗಳನ್ನು ಪರೀಕ್ಷಾ ಮಂಡಳಿ ತಿಂಗಳುಗಟ್ಟಲೆ ಮೊದಲೇ ಪ್ರಕಟಿಸಿತು. ಮೊದಲೇ ಗೊತ್ತಾದರೆ ಚಾಟ್ನಿಯನ್ನು ರೈತ ಒಂದು ವಾರ ಹಿಂದೆಮುಂದೆ ಮಾಡಿಕೊಳ್ಳುತ್ತಾನೆ, ಮದುವೆಯ ಮುಹೂರ್ತವೂ ಸರಿಯುತ್ತದೆ.

ಈಗ ಗಡಿ ದಾಟೋಣ. ತಿಕೋಟಾದಿಂದ ಪಶ್ಚಿಮಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೇ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕು. ಅಲ್ಲಿ ಕನ್ನಡ ಶಾಲೆಗಳಿವೆ, ನಮ್ಮದೇ ಮಾತು, ನಮ್ಮದೇ ಬೀಗರು. ಆದರೆ ಆ ಶಾಲೆಗಳು ನಡೆಯುವುದು ಮಹಾರಾಷ್ಟ್ರದ ಪಂಚಾಂಗದ ಮೇಲೆ. 2025ರಲ್ಲಿ ಮಹಾರಾಷ್ಟ್ರ ಸರಕಾರ ಒಂದರಿಂದ ಒಂಬತ್ತನೆಯ ತರಗತಿಯ ವಾರ್ಷಿಕ ಪರೀಕ್ಷೆಯನ್ನು ರಾಜ್ಯವಿಡೀ ಏಪ್ರಿಲ್ 8ರಿಂದ 25ರವರೆಗೆ ಇಟ್ಟಿತು. ಬಿಸಿಲಿನ ಕಾರಣ ಹೇಳಿ ಅಲ್ಲಿನ ಪಾಲಕರೂ ಶಿಕ್ಷಕರೂ ದನಿಯೆತ್ತಿದರು. ಅಲ್ಲಿನ ಸೂಟಿ ಮೇ ಮೊದಲ ದಿನಗಳಿಂದ ಜೂನ್ ಮಧ್ಯದವರೆಗೆ. ನಮ್ಮದು ಏಪ್ರಿಲ್ 11ರಿಂದ ಮೇ 28. ಹೀಗಾಗಿ ತಿಕೋಟಾದ ಮಗು ಜತ್ತದ ಸೋದರಮಾವನ ಮನೆಗೆ ಏಪ್ರಿಲ್‌ನಲ್ಲಿ ಹೋದರೆ ಅಲ್ಲಿಯ ಮಕ್ಕಳು ಪರೀಕ್ಷೆಯಲ್ಲಿರುತ್ತಾರೆ. ಅವರು ಜೂನ್‌ನಲ್ಲಿ ಇಲ್ಲಿಗೆ ಬಂದರೆ ನಮ್ಮ ಮಕ್ಕಳು ಶಾಲೆಯಲ್ಲಿರುತ್ತಾರೆ. ಅಜ್ಜಿಯ ಮನೆಯಲ್ಲಿ ಎಲ್ಲ ಮೊಮ್ಮಕ್ಕಳೂ ಕೂಡುವುದು ನಾಲ್ಕು ವಾರಕ್ಕಿಂತ ಕಡಿಮೆ. ಆಡಳಿತದ ಕಡತದಲ್ಲಿ ಇದಕ್ಕೆ ಬೆಲೆ ಇರದಿರಬಹುದು. ಗಡಿಯ ಕನ್ನಡ ಉಳಿಯುವುದು ಆ ನಾಲ್ಕು ವಾರಗಳಲ್ಲಿ ಎಂಬುದನ್ನು ಜತ್ತದ ಅಜ್ಜಿಯರ ಮನೆಯಲ್ಲಿ ಬೆಳೆದ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಅದೇ ಮಹಾರಾಷ್ಟ್ರ ಇನ್ನೊಂದು ದಾರಿಯನ್ನೂ ತೋರಿಸಿದೆ. ವಿದರ್ಭದ ಬಿಸಿಲು ಹೆಚ್ಚು ಎಂದು ಅಲ್ಲಿನ ಶಾಲೆಗಳನ್ನು ಉಳಿದ ರಾಜ್ಯಕ್ಕಿಂತ ಒಂದೆರಡು ವಾರ ತಡವಾಗಿ ತೆರೆಯುತ್ತಾರೆ. ದೂರದ ಜರ್ಮನಿಯಲ್ಲಿ 16 ರಾಜ್ಯಗಳು ಒಟ್ಟಿಗೆ ಕೂತು ಬೇಸಿಗೆ ರಜೆಯ ಸರದಿಯನ್ನು ಹಲವು ವರ್ಷ ಮೊದಲೇ ಗೊತ್ತುಮಾಡಿ ಪ್ರಕಟಿಸುತ್ತವೆ. ಒಂದೇ ನಾಡಿನಲ್ಲಿ ಎರಡು ಪಂಚಾಂಗ ಇದ್ದರೆ ಆಡಳಿತ ಕುಸಿದುಬೀಳುವುದಿಲ್ಲ.

ಕೊನೆಯ ವಿಷಯ, ಅಧಿಕಾರ ಯಾರದು? 2009ರ ಶಿಕ್ಷಣ ಹಕ್ಕು ಕಾಯ್ದೆಯ 9ನೆಯ ಕಲಮನ್ನು ಶಿಕ್ಷಕ ಮಿತ್ರರು ದಯವಿಟ್ಟು ಒಮ್ಮೆ ಓದಬೇಕು. ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳ ಪಟ್ಟಿ ಅದರಲ್ಲಿದೆ. ವಲಸೆ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವುದು ಅದರಲ್ಲಿ ಒಂದು. ಆ ಪಟ್ಟಿಯ ಕೊನೆಯಲ್ಲಿ ಇರುವುದು ಶೈಕ್ಷಣಿಕ ಪಂಚಾಂಗವನ್ನು ನಿರ್ಧರಿಸುವುದು. ಸ್ಥಳೀಯ ಪ್ರಾಧಿಕಾರ ಎಂದರೆ ಜಿಲ್ಲಾ ಪಂಚಾಯತಿ, ನಗರಸಭೆ, ಗ್ರಾಮ ಪಂಚಾಯತಿಗಳಂಥ ಸಂಸ್ಥೆಗಳು. ವಲಸೆ ಹೋಗುವ ಮಗುವನ್ನೂ ಪಂಚಾಂಗವನ್ನೂ ಒಂದೇ ಕಲಮಿನಲ್ಲಿ ಇಟ್ಟವರಿಗೆ ಈ ಎರಡಕ್ಕೂ ಇರುವ ನಂಟು ತಿಳಿದಿತ್ತು ಎಂದೇ ನಾನು ನಂಬುತ್ತೇನೆ. ಅದೇ ಕಾಯ್ದೆ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200 ದಿನ, ಆರರಿಂದ ಎಂಟನೆಯದಕ್ಕೆ 220 ದಿನ ಶಾಲೆ ನಡೆಯಬೇಕು ಎನ್ನುತ್ತದೆ. ಆ ದಿನಗಳು ವರ್ಷದಲ್ಲಿ ಎಲ್ಲೆಲ್ಲಿ ಬೀಳಬೇಕೆಂಬುದನ್ನು ಊರಿನ ಕೈಗೆ ಬಿಡುತ್ತದೆ. ಆ ಕೈಯನ್ನು ನಾವು ಚಾಚಿಲ್ಲ. ಬೆಂಗಳೂರಿನ ಸುತ್ತೋಲೆಗೆ ಕಾದು ಕೂತು, ಅದು ಬಂದ ಮೇಲೆ ಗೊಣಗಿದ್ದೇವೆ.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ಹತ್ತನೆಯ ತರಗತಿಯ ಪರೀಕ್ಷೆ ರಾಜ್ಯಕ್ಕೆಲ್ಲ ಒಂದೇ ದಿನ ಇರಲಿ, ಅದರಲ್ಲಿ ಬೇರೆ ದಾರಿ ಇಲ್ಲ. ಅದರ ವೇಳೆಯನ್ನು ಮಾತ್ರ ಬೆಳಗಿನ ತಂಪಿಗೆ ತರಲಿ. ಒಂದರಿಂದ ಒಂಬತ್ತನೆಯ ತರಗತಿಯ ವಾರ್ಷಿಕ ಪರೀಕ್ಷೆಯ ವಾರವನ್ನು ನಮ್ಮ ಜಿಲ್ಲೆಯೇ ಆರಿಸಲಿ. ಉಗಾದಿಗೆ ಮರಳುವ ಮಕ್ಕಳಿಗೆ ಶಾಲೆ ತೆರೆದ ಮೊದಲ ಹದಿನೈದು ದಿನದಲ್ಲಿ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಬರೆಯಲು ಅವಕಾಶವಿರಲಿ. ಪರೀಕ್ಷೆ-2ರ ತರಗತಿಗಳು ತಾಲ್ಲೂಕು ಕೇಂದ್ರದಲ್ಲಿ ನಡೆದರೆ ತಾಂಡಾದ ಮಗು ಬರಲಾಗದು. ಬಿಸಿಯೂಟದ ಒಲೆ ಎಲ್ಲಿ ಹೊತ್ತುತ್ತದೋ ಅಲ್ಲಿಯೇ ನಡೆಯಲಿ, ಕಲಿಸುವವರಿಗೆ ಆ ದಿನಗಳ ಗಳಿಕೆ ರಜೆಯೂ ಸಿಗಲಿ.

ಮುಂದಿನ ಜೂನ್ ಮೊದಲ ವಾರದಲ್ಲಿ ನಿಮ್ಮ ನಿಮ್ಮ ಊರಿನ ಶಾಲೆಯಲ್ಲಿ ಎಸ್‌ಡಿಎಂಸಿ ಸಭೆ ನಡೆಯುತ್ತದೆ. ಅಲ್ಲಿ ಪಾಲಕರಿಗೆ ಎರಡೇ ಪ್ರಶ್ನೆ ಕೇಳಿ: ನಿಮ್ಮ ಮನೆಯವರು ಯಾವ ವಾರ ಊರು ಬಿಡುತ್ತೀರಿ, ಯಾವ ವಾರ ಮರಳುತ್ತೀರಿ? ದ್ರಾಕ್ಷಿ ಇರುವವರಿಗೆ ಶೆಡ್ಡು ಯಾವಾಗ ತುಂಬುತ್ತದೆ ಎಂದೂ ಕೇಳಿ. ಉತ್ತರಗಳನ್ನು ಹಲಗೆಯ ಮೇಲೆ ಬರೆಯಿರಿ, ಒಂದು ಪ್ರತಿಯನ್ನು ತಾಲ್ಲೂಕಿನ ಬಿಇಒ ಕಚೇರಿಗೆ, ಇನ್ನೊಂದನ್ನು ಜಿಲ್ಲಾ ಪಂಚಾಯತಿಗೆ ಕೊಡಿ. ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ಶಾಲೆಗಳಿಂದ ಬಂದ ಆ ಹಾಳೆಗಳನ್ನು ಕೂಡಿಸಿ ಒಂದು ಪಟ್ಟಿ ಮಾಡುವ ಕೆಲಸ ಇದ್ದರೆ ಈ ಗಣಿತದ ಮೇಷ್ಟರನ್ನು ಕರೆಯಿರಿ, ಬರುತ್ತೇನೆ.